ಮರಿ ಗಂಟೆ ಬಾರಿಸಿದ್ರೆ ಏಳೋದ್ಯಾರು?

ಹೊಸ ತಿಪ್ಪಸಂದ್ರದ ಮೂರನೇ ಮಹಡಿ ರೂಮಿಗೆ ನಾಯಿಮರಿ ತಂದು, ವಾರದೊಳಗೇ ‘ಇದಕ್ಕೆ ಬುದ್ಧಿ ಇಲ್ಲ, ಕಂಡಲ್ಲೆಲ್ಲ ಉಚ್ಚೆ ಹೊಯ್ಯುತ್ತೆ’ ಅಂತ ಬೈತೀವಿ. 2 ತಿಂಗಳ ಮರಿ ತಡೆದುಕೊಳ್ಳೋದೇ ಸುಮಾರು 2 ಗಂಟೆ. ನಮ್ಮ ಲ್ಯಾಬ್ ಎಕ್ಸಾಮೇ 3 ಗಂಟೆ!

ಕಲಿಸೋದು ಸುಲಭ. ಬಾಗಿಲಿಗೆ ಮರಿಯ ಮೂಗಿನೆತ್ತರಕ್ಕೆ, ನುಂಗಲಾಗದಷ್ಟು ದೊಡ್ಡ ಗಂಟೆ ಕಟ್ಟಿ. ಹೊರಡುವಾಗೆಲ್ಲ ಅದರ ಕೈಲೇ ಬಾರಿಸಿಸಿ, ತಕ್ಷಣ ಕರೆದೊಯ್ಯಿರಿ: ಲಸಿಕೆ ಮುಗಿಯೋವರೆಗೆ ತಾರಸಿಗೆ, ಆಮೇಲೆ ಬೀದಿಗೆ. ಕೆಲಸ ಮುಗಿದ ಕೂಡಲೇ ಅಲ್ಲೇ ತಿಂಡಿ ಕೊಡಿ. ಕೆಲವು ವಾರಗಳಲ್ಲಿ ತಾನೇ ಬಾರಿಸುತ್ತೆ.

ಕಷ್ಟ ಇರೋದು ನಮ್ಮ ಕಡೆ. ಇಯರ್‌ಫೋನ್ ಹಾಕ್ಕೊಂಡು ಕೂತರೆ, ಗಂಟೆ ಬಾರಿಸಿ ಪ್ರಯೋಜನವಿಲ್ಲ ಅಂತಲೂ ಅದು ಕಲಿಯುತ್ತೆ. ಆದ್ದರಿಂದ ಮೊದಲು ಟೈಮ್‌ಟೇಬಲ್ ಮೇಲೆ, ಯಾವ ಹೊತ್ತಿಗೆ ರೂಮಲ್ಲಿ ಯಾರಿರ್ತೀವಿ ಅಂತ ಬರೆಯೋಣ. ಖಾಲಿ ಜಾಗ ಉಳಿದರೆ ಈ ಸೆಮ್ ಮರಿ ಬೇಡ.