ಮೂರ್ಛೆರೋಗಕ್ಕೂ ಆಪರೇಷನ್ ಉಂಟೆ?



ನಮ್ಮ ದೊಡ್ಡಉಳ್ಳಾರ್ತಿ ಕಡೆ ಯಾರಾದರೂ ಮೂರ್ಛೆ ಬಂದು ಬಿದ್ದರೆ ಕೈಗೆ ಬೀಗದ ಕೈ ಕೊಡುವವರು ಒಬ್ಬರು, ಮೂಗಿಗೆ ಈರುಳ್ಳಿ ಹಿಡಿಯುವವರು ಇನ್ನೊಬ್ಬರು. ಎರಡೂ ಬೇಡ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ. 5 ನಿಮಿಷವಾದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಇಷ್ಟು ಈಗ ಹಲವರಿಗೆ ಗೊತ್ತು. ಆದರೆ ಈ ಕಾಯಿಲೆಗೆ ಆಪರೇಷನ್ನೂ ಉಂಟು ಅಂದರೆ ಸಾಕು, “ಅಯ್ಯೋ, ತಲೆ ಕೊಯ್ಸೋದಾ!” ಅಂತ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತೇವೆ.

ಎಲ್ಲರಿಗೂ ಆಪರೇಷನ್ ಬೇಕಿಲ್ಲ. ಸರಿಯಾದ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡರೆ 100ಕ್ಕೆ ಸುಮಾರು 70 ಮಂದಿಗೆ ಫಿಟ್ಸ್ ನಿಂತುಹೋಗುತ್ತದೆ. ಉಳಿದವರ ಮಾತು ಬೇರೆ. ತಕ್ಕ ಪ್ರಮಾಣದಲ್ಲಿ ಎರಡು ಬಗೆಯ ಮಾತ್ರೆ ಕೊಟ್ಟು ನೋಡಿಯೂ ನಿಲ್ಲದಿದ್ದರೆ, ಮೂರನೆಯದರಿಂದ ಪೂರ್ತಿ ನಿಲ್ಲುವ ಭರವಸೆ ಕಡಿಮೆ. ಆಗಲೇ ಡಾಕ್ಟರನ್ನು “ಆಪರೇಷನ್ ಆಗುವಂಥದ್ದೇ ನೋಡಿ” ಎಂದು ಕೇಳಬೇಕು. ನಾವೋ, ಮಾತ್ರೆ ಬದಲಿಸುತ್ತಾ, ತಾಯತ ಕಟ್ಟಿಸುತ್ತಾ ವರ್ಷಗಟ್ಟಲೆ ಕಾಯುತ್ತೇವೆ. ಅಷ್ಟರಲ್ಲಿ ಹುಡುಗಿ ಶಾಲೆ ಬಿಟ್ಟಿರುತ್ತಾಳೆ, ಒಲೆಯ ಮುಂದೆ ಬಿದ್ದು ಕೈ ಸುಟ್ಟುಕೊಂಡಿರುತ್ತಾಳೆ.

ಮಿದುಳಿನ ಯಾವುದೋ ಒಂದು ಜಾಗದಲ್ಲಿ ಹಳೆಯ ಗಾಯದ ಕಲೆಯಂಥದ್ದು ಇದ್ದು, ಫಿಟ್ಸ್ ಅಲ್ಲಿಂದಲೇ ಹೊರಡುತ್ತಿದ್ದರೆ ಆ ಭಾಗವನ್ನು ತೆಗೆಯುತ್ತಾರೆ. ಅನೇಕರಲ್ಲಿ ಅದು ಕಿವಿಯ ಮೇಲ್ಗಡೆಯ ಒಳಭಾಗ. ಜಾಗ ಗುರುತಿಸಲು ಎಂ.ಆರ್.ಐ. ಮಾಡುತ್ತಾರೆ, ತಲೆಗೆ ತಂತಿ ಅಂಟಿಸಿ ದಿನಗಟ್ಟಲೆ ಇ.ಇ.ಜಿ. ಮತ್ತು ವಿಡಿಯೋ ತೆಗೆಯುತ್ತಾರೆ, ನೆನಪು, ಮಾತು ಇವನ್ನೂ ಪರೀಕ್ಷಿಸುತ್ತಾರೆ. ಜಾಗ ಸ್ಪಷ್ಟವಾಗದಿದ್ದರೆ, ಅಥವಾ ತೆಗೆದರೆ ಮಾತಿಗೇ ಕುತ್ತು ಅನ್ನಿಸಿದರೆ, ಅವರೇ ಬೇಡವೆನ್ನುತ್ತಾರೆ.

ಫಲ ಎಷ್ಟು? ದೆಹಲಿಯ ಏಮ್ಸ್ ವೈದ್ಯರು ಮಾತ್ರೆಗೆ ಬಗ್ಗದ 116 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿ, 2017ರಲ್ಲಿ ಪ್ರಕಟಿಸಿದರು. ಆಪರೇಷನ್ ಆದ 57 ಮಕ್ಕಳಲ್ಲಿ 44 ಮಕ್ಕಳಿಗೆ ಒಂದು ವರ್ಷ ಫಿಟ್ಸ್ ಬರಲಿಲ್ಲ. ಬರೀ ಔಷಧದಲ್ಲಿದ್ದ 59ರಲ್ಲಿ ಹಾಗಾದದ್ದು ನಾಲ್ಕೇ ಮಕ್ಕಳಿಗೆ. ಇನ್ನೊಂದು ಮಗ್ಗುಲನ್ನೂ ಹೇಳಬೇಕಲ್ಲ: ಆಪರೇಷನ್ ಆದವರಲ್ಲಿ 19 ಮಕ್ಕಳಿಗೆ ಗಂಭೀರ ತೊಂದರೆಗಳಾದವು, ಒಂದು ಪಕ್ಕದ ಕೈಕಾಲು ಸೋಲುವುದೂ ಅದರಲ್ಲಿ ಸೇರಿತ್ತು. ಆದ್ದರಿಂದ “ನಮ್ಮ ಮಗುವಿಗೆ ಏನು ಹೋಗಬಹುದು, ಏನು ಉಳಿಯುತ್ತದೆ?” ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಡಾಕ್ಟರು ಏನಂದುಕೊಂಡಾರೋ ಅನ್ನುವ ಸಂಕೋಚ ಬೇಡ. ಆಪರೇಷನ್ ಆದ ಮಾರನೇ ದಿನವೇ ಮಾತ್ರೆ ನಿಲ್ಲುವುದೂ ಇಲ್ಲ; ಬಹಳ ಕಾಲ ನುಂಗಬೇಕು, ಡಾಕ್ಟರು ಹೇಳಿದ ಮೇಲಷ್ಟೇ ಮೆಲ್ಲಗೆ ಇಳಿಸಬೇಕು.

ಹೆಣ್ಣುಮಕ್ಕಳಿದ್ದರೆ ಮದುವೆಯ ಭಯದಿಂದ ಕಾಯಿಲೆಯನ್ನೇ ಮುಚ್ಚಿಡುತ್ತೇವೆ. 1955ರ ಹಿಂದೂ ವಿವಾಹ ಕಾಯಿದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಎಂದೇ ಸೇರಿಸಿದ್ದರು. 1999ರ ತಿದ್ದುಪಡಿಯಲ್ಲಿ ಅದನ್ನು ಕಿತ್ತುಹಾಕಿದ್ದಾರೆ. ಕಾಯಿದೆ ಬಿಟ್ಟರೂ ಬೀಗರು ಬಿಡಬೇಕಲ್ಲ ಅನ್ನುತ್ತೀರಿ, ನಿಜ. ಆದರೆ ಮುಚ್ಚಿಟ್ಟು ಕೊಟ್ಟ ಹುಡುಗಿ ಗಂಡನ ಮನೆಯಲ್ಲಿ ಮಾತ್ರೆಯನ್ನೂ ಕದ್ದು ನುಂಗಬೇಕಾಗುತ್ತದೆ, ಒಂದು ಹೊತ್ತು ತಪ್ಪಿದರೆ ಫಿಟ್ಸ್. ಇನ್ನೊಂದು ಮಾತು: ಕೆಲವು ಮಾತ್ರೆ ಹೊಟ್ಟೆಯಲ್ಲಿರುವ ಕೂಸಿಗೆ ಆಗದು. ಮದುವೆಗೆ ಮುಂಚೆಯೇ ಡಾಕ್ಟರಿಗೆ ತಿಳಿಸಿ ಬದಲಿಸಿಕೊಳ್ಳಬೇಕೇ ಹೊರತು ತಾವಾಗಿಯೇ ನಿಲ್ಲಿಸಬಾರದು.

ನಮ್ಮವರಿಗೆ ಹತ್ತಿರವೆಂದರೆ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್, 1974ರಲ್ಲಿ ಆ ಹೆಸರು ಪಡೆದ ಸರ್ಕಾರಿ ಸಂಸ್ಥೆ. ಈ ಆಪರೇಷನ್ ಅಲ್ಲಿ ಮಾಡುತ್ತಾರೆ. ಚಳ್ಳಕೆರೆಯಿಂದ ಹಿರಿಯೂರು, ಸಿರಾ, ತುಮಕೂರು ದಾಟಿ ಹೋಗಬೇಕು. ಒಂದೇ ಸಲಕ್ಕೆ ಮುಗಿಯುವ ಓಡಾಟವಲ್ಲ, ಬುತ್ತಿಯ ಜೊತೆ ತಾಳ್ಮೆಯನ್ನೂ ಕಟ್ಟಿಕೊಳ್ಳಿ. ಬಿ.ಪಿ.ಎಲ್. ಕಾರ್ಡು, ಹಳೆಯ ಚೀಟಿಗಳು, ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳು ಜೊತೆಗಿರಲಿ. ಫಿಟ್ಸ್ ಬಂದಾಗ ಒಬ್ಬರು ಹತ್ತಿರ ಕೂತಿದ್ದರೆ, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆದಿಡಿ. ತಲೆ ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಸೆಳೆಯಿತು ಎನ್ನುವುದರಿಂದ ಡಾಕ್ಟರಿಗೆ ಎಷ್ಟೋ ತಿಳಿಯುತ್ತದೆ. ಬಂದ ದಿನ, ಹೊತ್ತು ಎರಡನ್ನೂ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದುಕೊಳ್ಳಿ.