ಲಂಡನ್ ಪಟ್ಟಣದ ಬೀದಿಗಳ್ಳರು

ಹಿಂದೆ ಬಾಣಂತನಕ್ಕೆ ಮಗಳು ತವರಿಗೆ ಬರುತ್ತಿದ್ದಳು. ಈಗ ತವರೇ ಮಗಳಿದ್ದೆಡೆಗೆ ಹೋಗುವ ಕಾಲ ಬಂದಿರುವುದು. ಮೈಸೂರು, ಧಾರವಾಡ, ಮಂಗಳೂರು ಮೊದಲಾದ ಊರುಗಳಿಂದ ವರ್ಷಂಪ್ರತಿ ಎಷ್ಟೋ ಮಂದಿ ತಾಯಿತಂದೆಗಳು ಅಂಟಿನುಂಡೆಯ ಸಾಮಗ್ರಿ, ಸಾರಿನ ಪುಡಿ, ಮಗುವಿನ ಕುಲಾವಿ ಇವನ್ನೆಲ್ಲ ಗಂಟುಕಟ್ಟಿಕೊಂಡು ಲಂಡನ್ನಿಗೆ ವಿಮಾನವೇರುವರು. ಅಲ್ಲಿ ಮೂರು ನಾಲ್ಕು ತಿಂಗಳು ನಿಂತು, ಬಾಣಂತಿಯ ಆರೈಕೆ ಮಾಡಿ, ಬಿಡುವಾದಾಗ ಊರು ನೋಡಿಕೊಂಡು ಬರುವುದು ವಾಡಿಕೆ. ಹೊರಡುವ ಮುನ್ನ ಇವರು ಚಳಿಯ ವಿಷಯವನ್ನು ಹತ್ತು ಜನರಲ್ಲಿ ವಿಚಾರಿಸುವರು. ಬೀದಿಯ ವಿಷಯವನ್ನು ವಿಚಾರಿಸುವವರು ವಿರಳ. ಮತ್ತೆ ಕೆಲವರು ಮೊಬೈಲಿನಲ್ಲಿ ಬರುವ ಭೀಕರ ಸುದ್ದಿಗಳನ್ನೆಲ್ಲ ನೋಡಿ, ಅಲ್ಲಿ ಹೆಜ್ಜೆಗೊಬ್ಬ ಕೊಲೆಗಡುಕನು ನಿಂತಿರುವನೆಂದೇ ಭಾವಿಸಿ, ಹೋದ ದಿನದಿಂದ ಮರಳುವ ದಿನದವರೆಗೆ ಮಗಳ ಮನೆಯ ಹೊಸ್ತಿಲನ್ನು ದಾಟುವುದಿಲ್ಲ. ಮೊದಲನೆಯವರಿಗೆ ಒಂದು ವಸ್ತು ಹೋದೀತು. ಎರಡನೆಯವರಿಗೆ ನಾಲ್ಕು ತಿಂಗಳೇ ಹೋಗುವುದು. ಇಬ್ಬರಿಗೂ ಉಪಯೋಗವಾಗಲೆಂದು ಈ ಸಂಚಿಕೆಯಲ್ಲಿ ಈ ವಿಷಯವನ್ನು ಎತ್ತಿಕೊಂಡಿರುವೆವು.

ಬೀದಿಗಳ್ಳತನವು ಲಂಡನ್ನಿಗೆ ಹೊಸದಲ್ಲ. ಅಲ್ಲಿನ ಮೆಟ್ರೊಪಾಲಿಟನ್ ಪೋಲೀಸ್ ಪಡೆಯು ೧೮೨೯ರಲ್ಲಿ ಹುಟ್ಟಿತು. ಅದಾಗಿ ಎಂಟು ವರ್ಷಗಳಲ್ಲಿಯೇ ಡಿಕೆನ್ಸ್ ಮಹಾಶಯನು ಪ್ರಕಟಿಸತೊಡಗಿದ ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಮುದುಕನೊಬ್ಬನು ಹುಡುಗರನ್ನು ಕಲೆಹಾಕಿಕೊಂಡು, ಜೇಬಿನಿಂದ ಕರವಸ್ತ್ರವನ್ನು ಎಗರಿಸುವ ವಿದ್ಯೆಯನ್ನು ಅವರಿಗೆ ಕಲಿಸುವನಷ್ಟೆ. ಕೇವಲ ಕರವಸ್ತ್ರಕ್ಕೆ ಇಷ್ಟು ಸಾಹಸವೇ ಎಂದು ವಾಚಕರು ಕೇಳಬಹುದು. ಆ ಕಾಲದ ಸಿರಿವಂತರ ಕರವಸ್ತ್ರವು ರೇಷ್ಮೆಯದು. ಹಗುರವಾದುದು, ಬೆಲೆಯುಳ್ಳದ್ದು, ಕದ್ದ ಗಳಿಗೆಯಲ್ಲಿಯೇ ಮಾರುವುದಕ್ಕೆ ಬರತಕ್ಕದ್ದು. ಈ ಮೂರು ಗುಣಗಳೂ ಇಂದು ಮೊಬೈಲು ಫೋನಿಗೆ ಬಂದಿರುವುವು. ಮೇಲಾಗಿ ಜನರು ಅದನ್ನು ಜೇಬಿನಲ್ಲಿಯೂ ಇಡದೆ, ಆರತಿಯ ತಟ್ಟೆಯಂತೆ ಮುಖದ ಮುಂದೆ ಹಿಡಿದುಕೊಂಡೇ ನಡೆಯುವರು. ೨೦೨೪ರ ಕ್ರಿಸ್‌ಮಸ್ ಹಬ್ಬದ ಹಿಂದಿನ ದಿನ, ಫೋನು ಕಳೆದುಕೊಂಡ ಒಬ್ಬರು ಅದರ ಸುಳಿವನ್ನೇ ಹಿಡಿದು ಹೋದ ಕಾರಣ, ಹೀಥ್ರೂ ವಿಮಾನನಿಲ್ದಾಣದ ಬಳಿಯ ಉಗ್ರಾಣವೊಂದರಲ್ಲಿ ಹಾಂಗ್‌ಕಾಂಗಿಗೆ ಹೊರಟಿದ್ದ ಪೆಟ್ಟಿಗೆಯೊಂದು ಸಿಕ್ಕಿತು. ಅದರಲ್ಲಿ ಸಾವಿರಕ್ಕೆ ಸಮೀಪ ಫೋನುಗಳಿದ್ದುವು. ಅದೇ ಎಳೆಯನ್ನು ಹಿಡಿದು ತನಿಖೆ ನಡೆಸಿದ ಪೋಲೀಸರು, ಆ ಜಾಲವು ಒಂದು ವರ್ಷದಲ್ಲಿ ೪೦,೦೦೦ದವರೆಗೆ ಫೋನುಗಳನ್ನು ಚೀನಾ ದೇಶಕ್ಕೆ ಸಾಗಿಸಿರಬಹುದೆಂದು ೨೦೨೫ರ ಅಕ್ಟೋಬರಿನಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ಕಸಿಯುವವನು ಬರಿಯ ಕೈಯಾಳು. ವ್ಯಾಪಾರವು ಬಹು ದೊಡ್ಡದು.

ಕಸಿಯುವ ಬಗೆಯು ನಮ್ಮ ಬೆಂಗಳೂರಿನ ಸರಗಳ್ಳರನ್ನು ಬಲ್ಲವರಿಗೆ ಅಪರಿಚಿತವೇನಲ್ಲ. ಮುಖಕ್ಕೆ ಮುಸುಕು, ಸದ್ದಿಲ್ಲದ ವಿದ್ಯುತ್ ಸೈಕಲ್ಲು. ಫುಟ್‌ಪಾತಿನ ಅಂಚಿಗೆ, ಕೆಲವೊಮ್ಮೆ ಫುಟ್‌ಪಾತಿನ ಮೇಲೆಯೇ, ಹಿಂದಿನಿಂದ ಬಂದು, ಕೈಯಲ್ಲಿದ್ದುದನ್ನು ಕಿತ್ತುಕೊಂಡು ಹೊರಟುಹೋಗುವರು. ಎಲ್ಲವೂ ಎರಡು ಮೂರು ಉಸಿರುಗಳಷ್ಟರಲ್ಲಿ ಮುಗಿಯುವುದು. ಕಳೆದುಕೊಂಡವರಿಗೆ ಏನಾಯಿತೆಂದು ತಿಳಿಯುವಷ್ಟರಲ್ಲಿ ಕಳ್ಳನು ತಿರುವನ್ನು ದಾಟಿರುವನು. ಆಕ್ಸ್‌ಫರ್ಡ್ ಸ್ಟ್ರೀಟ್, ಪಿಕಡಿಲಿ, ಲೆಸ್ಟರ್ ಸ್ಕ್ವೇರ್ ಮೊದಲಾದ, ಎಲ್ಲರೂ ನೋಡಲು ಹೋಗುವ ಜಾಗಗಳಿರುವ ವೆಸ್ಟ್‌ಮಿನ್‌ಸ್ಟರ್ ಭಾಗದಲ್ಲಿ ಈ ಹಾವಳಿ ಹೆಚ್ಚು. ಅದರಲ್ಲಿಯೂ ನೆಲದೊಳಗಿನ ರೈಲಿನಿಂದ ಮೇಲೆ ಬರುವ ಮೆಟ್ಟಿಲುಗಳ ಬಾಯಿಯೇ ಕಳ್ಳನಿಗೆ ಮೆಚ್ಚಿನ ಸ್ಥಳ. ಏಕೆಂದರೆ ಬೆಳಕಿಗೆ ಬಂದ ಹೊಸಬರೆಲ್ಲರೂ ಅಲ್ಲಿಯೇ ನಿಂತು, ಎಡಕ್ಕೋ ಬಲಕ್ಕೋ ಎಂದು ಫೋನಿನಲ್ಲಿ ನಕ್ಷೆಯನ್ನು ನೋಡುವರು.

ಆದುದರಿಂದ ನಕ್ಷೆಯನ್ನು ಮೇಲೆ ಬರುವ ಮೊದಲೇ, ನಿಲ್ದಾಣದ ಒಳಗಡೆಯೇ ನೋಡಿಕೊಳ್ಳತಕ್ಕದ್ದು. ಬೀದಿಯಲ್ಲಿ ನೋಡಲೇಬೇಕಾದರೆ ಯಾವುದಾದರೊಂದು ಅಂಗಡಿಯ ಒಳಹೊಕ್ಕು ನೋಡುವುದು. ಅದೂ ಇಲ್ಲವಾದರೆ ಗೋಡೆಗೆ ಬೆನ್ನು ಕೊಟ್ಟು, ಎರಡು ಕೈಗಳಲ್ಲಿಯೂ ಹಿಡಿದು ನೋಡುವುದು. ಮುಂದಿನ ಎರಡು ತಿರುವುಗಳನ್ನು ನೆನಪಿಟ್ಟು, ಫೋನನ್ನು ಕೋಟಿನ ಒಳಜೇಬಿಗೆ ಸೇರಿಸಿ ನಡೆಯತಕ್ಕದ್ದು. ನಡೆಯುವಾಗ ರಸ್ತೆಯ ಅಂಚಿಗಿಂತ ಕಟ್ಟಡಗಳ ಪಕ್ಕವೇ ಲೇಸು. ಮೊಮ್ಮಗುವನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುವ ಅಜ್ಜಿಯರಿಗೆ ಒಂದು ಮಾತು. ಆ ಗಾಡಿಯ ಹಿಡಿಯ ಬಳಿ ಲೋಟವಿಡಲೆಂದು ಮಾಡಿರುವ ಗೂಡಿನಲ್ಲಿ ಫೋನನ್ನು ಇಡುವುದೂ, ಹಿಡಿಗೆ ಕೈಚೀಲವನ್ನು ನೇತುಹಾಕುವುದೂ ಬೇಡ. ಅಜ್ಜಿಯ ಎರಡು ಕೈಗಳೂ ಗಾಡಿಯ ಮೇಲಿರುವುವು, ದೃಷ್ಟಿಯೆಲ್ಲ ಮಗುವಿನ ಮೇಲಿರುವುದು. ಕಳ್ಳನಿಗೆ ಇದಕ್ಕಿಂತ ಸುಲಭವಾದ ಗಿರಾಕಿಯು ಎಲ್ಲಿ ಸಿಕ್ಕಬೇಕು?

ನೋಡುತ್ತಿರುವಾಗಲೇ ಕಸಿಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ಆಗ ಫೋನಿನ ಬೀಗವು ತೆರೆದಿರುವುದು. ತೆರೆದ ಫೋನಿನೊಳಗೆ ನಮ್ಮವರ ಬ್ಯಾಂಕೂ, ಅಂಚೆಯೂ, ಮನೆಮಂದಿಯ ವಿಳಾಸಗಳೂ ಎಲ್ಲವೂ ಇರುವುದಷ್ಟೆ. ಭಾರತದ ಬ್ಯಾಂಕುಗಳು ಹಣದ ವ್ಯವಹಾರಕ್ಕೆ ಕಳುಹಿಸುವ ಒಂದು ಸಲದ ಗುಪ್ತಸಂಖ್ಯೆಯು ನಮ್ಮ ಊರಿನ ಸಿಮ್ಮಿಗೇ ಬರುವುದರಿಂದ, ಸಿಮ್ಮು ಪರರ ಕೈ ಸೇರಿದರೆ ಪೆಟ್ಟಿಗೆಯೊಡನೆ ಬೀಗದ ಕೈಯನ್ನೂ ಕೊಟ್ಟಂತೆ. ಹೊರಡುವ ಮೊದಲೇ ಸಿಮ್ಮಿಗೆ ಪ್ರತ್ಯೇಕವಾದ ಗುಪ್ತಸಂಖ್ಯೆಯ ಬೀಗವನ್ನು ಹಾಕಿಸುವುದು. ಬ್ಯಾಂಕಿನ ವ್ಯವಹಾರಕ್ಕೆ, ಫೋನು ತೆರೆಯುವ ಸಂಖ್ಯೆಯಲ್ಲದೆ, ಬೇರೊಂದು ಸಂಖ್ಯೆಯನ್ನಿಡುವುದು. ಈ ಸಂಖ್ಯೆಗಳನ್ನು ಒತ್ತುವಾಗ ಹೆಗಲ ಹಿಂದೆ ಇಣುಕುವವರಿಗೆ ಕಾಣದಂತೆ ಮರೆಮಾಡುವುದು. ಕಳವಾದರೆ ಹೆಚ್ಚಿನ ಕಾವಲು ಕೊಡುವ ಏರ್ಪಾಟುಗಳನ್ನು ಫೋನು ತಯಾರಕರು ೨೦೨೪ರಿಂದ ಒದಗಿಸಿರುವರು. ಹಲವು ಫೋನುಗಳಲ್ಲಿ ಅವನ್ನು ನಾವಾಗಿ ಆರಿಸಿಕೊಳ್ಳಬೇಕಾಗುವುದು. ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗರಿದ್ದರೆ ಒಂದು ಸಂಜೆಯಲ್ಲಿ ಇದೆಲ್ಲವನ್ನೂ ಮಾಡಿಕೊಡುವರು.

ಇನ್ನು ಕೊರಳಿನ ವಿಷಯ. ಹೇಳುವುದಕ್ಕೆ ಕಷ್ಟವಾದರೂ ಹೇಳಲೇಬೇಕಾಗಿರುವುದು. ಭಾರತದವರ ಮನೆಯಲ್ಲಿ ಚಿನ್ನವಿರುವುದೆಂಬುದು ಲಂಡನ್ನಿನ ಕಳ್ಳರಿಗೆ ಚೆನ್ನಾಗಿ ಗೊತ್ತು. ಏಷ್ಯಾ ಮೂಲದ ಕುಟುಂಬಗಳ ಚಿನ್ನದ ಕಳವನ್ನು ತಡೆಯಲೆಂದೇ ಅಲ್ಲಿನ ಪೋಲೀಸರು ವಿಶೇಷ ಕಾರ್ಯಾಚರಣೆಗಳನ್ನು ಕೈಗೊಂಡಿರುವರು. ನವರಾತ್ರಿ ದೀಪಾವಳಿಗಳ ಸಮಯದಲ್ಲಿ ಎಚ್ಚರಿಕೆಯ ಪ್ರಕಟಣೆಗಳನ್ನೂ ಹೊರಡಿಸುವರು. ಮಾಂಗಲ್ಯವನ್ನು ತೆಗೆದಿಡಿರೆಂದು ನಾವು ಯಾರಿಗೂ ಹೇಳುವವರಲ್ಲ. ಆದರೆ ಎರಡೆಳೆಯ ದಪ್ಪ ಸರ, ನಾಲ್ಕು ನಾಲ್ಕು ಬಳೆ, ಲೋಲಾಕು ಇವುಗಳಿಗೆ ಅಲ್ಲಿ ಏನು ಕೆಲಸ? ಕರಿಮಣಿಯ ತೆಳುವಾದ ಒಂದು ಸರದಲ್ಲಿ ತಾಳಿಯನ್ನು ಪೋಣಿಸಿಕೊಂಡು, ಅದರ ಮೇಲೆ ಸ್ವೆಟರನ್ನೂ ಕೊರಳ ವಸ್ತ್ರವನ್ನೂ ಧರಿಸಿದರೆ ಚಳಿಗೂ ಆಯಿತು, ಕಳ್ಳನಿಗೂ ಆಯಿತು. ಉಳಿದ ಒಡವೆಗಳು ಊರಿನ ಬ್ಯಾಂಕಿನ ಲಾಕರಿನಲ್ಲಿರಲಿ. ನಾಮಕರಣದ ದಿನ ಬೀಗರ ಮುಂದೆ ಬರಿಗೊರಳಿನಲ್ಲಿ ನಿಲ್ಲುವುದು ಹೇಗೆಂದು ಕೆಲವು ಗೃಹಿಣಿಯರು ಅನ್ನಬಹುದು. ಬೀಗರೂ ಅದೇ ಊರಿನಲ್ಲಿರುವವರಾದರೆ ಅವರಿಗೂ ಈ ಕಾರಣ ತಿಳಿದಿರುವುದು.

ಥೇಮ್ಸ್ ನದಿಯ ದಡದಲ್ಲಿ, ಲ್ಯಾಂಬೆತ್ ಸೇತುವೆಯ ಬಳಿ, ಬಸವಣ್ಣನವರ ಪ್ರತಿಮೆಯೊಂದಿರುವುದು. ೨೦೧೫ರ ನವೆಂಬರ್ ೧೪ರಂದು ಅದರ ಅನಾವರಣವಾಯಿತು. ಲಂಡನ್ನಿಗೆ ಹೋದ ಕನ್ನಡಿಗರು ಅದನ್ನು ನೋಡದೆ ಬರುವುದು ವಿರಳ. ಪಾರ್ಲಿಮೆಂಟ್ ಭವನವನ್ನು ನೋಡಿಕೊಂಡು, ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ದಾಟಿ, ನದಿಯ ಪಕ್ಕದಲ್ಲಿ ನಡೆದು ಅಲ್ಲಿಗೆ ಹೋಗುವುದು ಬಹು ರಮ್ಯವಾದ ದಾರಿ. ಆದರೆ ಆ ಸೇತುವೆಯ ಮೇಲೆಯೇ ಬಟ್ಟಲಾಟದವರ ಕಾಟವಿರುವುದು. ಚಾಪೆಯ ಮೇಲೆ ಮೂರು ಬಟ್ಟಲುಗಳನ್ನು ಬೋರಲು ಹಾಕಿ, ಒಂದರ ಕೆಳಗೆ ಗುಂಡನ್ನಿಟ್ಟು, ಸರಸರನೆ ಸ್ಥಳ ಬದಲಿಸಿ, ಗುಂಡೆಲ್ಲಿದೆಯೆಂದು ಹಣ ಕಟ್ಟಿಸುವರು. ನಮ್ಮ ಜಾತ್ರೆಗಳ ಮೂರೆಲೆಯಾಟದ ದಾಯಾದಿಯಿದು. ಸುತ್ತ ನಿಂತು ಗೆದ್ದು ಕುಣಿಯುವವರೆಲ್ಲರೂ ಆಡಿಸುವವನ ಕಡೆಯವರೇ, ಹೊಸಬನು ಗೆಲ್ಲುವುದೆಂಬುದಿಲ್ಲ. ಹಣ ಕಟ್ಟದೆ ಸುಮ್ಮನೆ ನಿಂತು ನೋಡಿದರೂ ಕ್ಷೇಮವಿಲ್ಲ. ಇಂತಹ ಗುಂಪಿನಲ್ಲಿ ಎಲ್ಲರ ಕಣ್ಣೂ ಬಟ್ಟಲಿನ ಮೇಲಿರುವಾಗ ಬೇರೊಂದು ಕೈಯು ಜೇಬಿನಲ್ಲಿರುವುದು. ಕಳವು ಕೂಡದೆಂದು ಬೋಧಿಸಿದ ಮಹಾನುಭಾವರ ದರ್ಶನಕ್ಕೆ ಹೋಗುವ ದಾರಿಯಲ್ಲಿಯೇ ಹೀಗಿರುವುದು ವಿನೋದವೇ ಸರಿ. ನಿಲ್ಲದೆ ಮುಂದೆ ನಡೆಯುವುದು.

ಉಳಿದ ಉಪಾಯಗಳು ಎಲ್ಲ ದೊಡ್ಡ ಪಟ್ಟಣಗಳಿಗೂ ಸಾಮಾನ್ಯವಾದುವು. ಕಾಫಿಯಂಗಡಿಯ ಮೇಜಿನ ಮೇಲೆ ಫೋನಿಟ್ಟಿರುವಾಗ ಯಾರೋ ಬಂದು ಕಾಗದವೊಂದನ್ನು ಅದರ ಮೇಲೆ ಹಾಸಿ ಏನನ್ನೋ ಕೇಳುವರು. ಕಾಗದದೊಡನೆ ಫೋನೂ ಹೊರಟುಹೋಗುವುದು. ಕೈಚೀಲವನ್ನು ಕುರ್ಚಿಯ ಬೆನ್ನಿಗೆ ಹಾಕಿದರೆ ಅದು ನಮ್ಮ ಕಣ್ಣಿಗೆ ಹಿಂದು, ಕಳ್ಳನಿಗೆ ಮುಂದು. ‘ನಿಮ್ಮ ಕೋಟಿನ ಮೇಲೆ ಏನೋ ಚೆಲ್ಲಿದೆ’ ಎಂದು ಒರೆಸಲು ಬರುವವನ ಉಪಚಾರವನ್ನು ಒಲ್ಲೆನೆನ್ನಬೇಕು. ಪೋಲೀಸನೆಂದು ಹೇಳಿಕೊಂಡು ಹಣದ ಚೀಲವನ್ನು ತೋರಿಸೆನ್ನುವವನು ಪೋಲೀಸನಲ್ಲ. ಹಾಗೆಂದು ಮಾತನಾಡಿಸಿದವರನ್ನೆಲ್ಲ ಕಳ್ಳರೆಂದು ಭಾವಿಸುವುದೂ, ಮೈಬಣ್ಣವನ್ನು ನೋಡಿ ದೂರ ಸರಿಯುವುದೂ ತರವಲ್ಲ. ವೃದ್ಧರಿಗೆ ಬಸ್ಸಿನಲ್ಲಿ ಸ್ಥಳ ಬಿಟ್ಟುಕೊಡುವವರೂ, ದಾರಿ ತೋರಿಸಲು ಜೊತೆಯಲ್ಲಿ ಹೆಜ್ಜೆಹಾಕುವವರೂ ಆ ಊರಿನಲ್ಲಿ ಬೇಕಾದಷ್ಟಿರುವರು.

ಹಣವನ್ನು ಹೊತ್ತು ತಿರುಗುವ ಅಗತ್ಯವೇ ಅಲ್ಲಿ ಇಲ್ಲ. ಲಂಡನ್ನಿನ ಬಸ್ಸುಗಳಲ್ಲಿ ೨೦೧೪ರಿಂದ ನಗದನ್ನು ತೆಗೆದುಕೊಳ್ಳುವುದೇ ಇಲ್ಲ, ಕಾರ್ಡನ್ನು ತಾಗಿಸಿದರಾಯಿತು. ಪಾಸ್‌ಪೋರ್ಟುಗಳೂ ಎರಡನೆಯ ಕಾರ್ಡೂ ಮನೆಯಲ್ಲಿರಲಿ. ದಂಪತಿಗಳ ಸಮಸ್ತವನ್ನೂ ಹೆಂಡತಿಯ ಒಂದೇ ಚೀಲದಲ್ಲಿ ತುಂಬಿ, ಗಂಡನು ಕೈಬೀಸಿಕೊಂಡು ನಡೆಯುವ ನಮ್ಮ ಪದ್ಧತಿಯು ಎಲ್ಲಿಯೂ ಒಳ್ಳೆಯದಲ್ಲ, ಅಲ್ಲಿಯಂತೂ ಕೂಡದು. ಮುಖ್ಯವಾಗಿ, ಒಂದು ಚೂರು ಕಾಗದದಲ್ಲಿ ಮಗಳ ಮನೆಯ ವಿಳಾಸ, ಅಂಚೆಯ ಸಂಕೇತ, ಮಗಳ ಮತ್ತು ಅಳಿಯನ ಫೋನು ಸಂಖ್ಯೆ ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಇಬ್ಬರೂ ಬೇರೆಬೇರೆಯಾಗಿ ಜೇಬಿನಲ್ಲಿಟ್ಟುಕೊಳ್ಳಲಿ. ಫೋನು ಹೋದಾಗ ಹಿರಿಯರನ್ನು ಕಂಗೆಡಿಸುವುದು ಅದರ ಬೆಲೆಯಲ್ಲ. ಮಗಳ ಸಂಖ್ಯೆಯೂ ನೆನಪಿಲ್ಲ, ಮನೆಯ ದಾರಿಯೂ ತಿಳಿಯದು ಎಂಬ ಸ್ಥಿತಿ. ಆ ಚೂರು ಕಾಗದವಿದ್ದರೆ ಯಾವುದೇ ಅಂಗಡಿಯವರನ್ನು ಕೇಳಿ ಒಂದು ಕರೆ ಮಾಡಿಸಬಹುದು.

ಇಷ್ಟಾದರೂ ಕಳವಾಗಬಹುದು. ಆಗ ಚೀಲವನ್ನು ಹಿಡಿದು ಎಳೆದಾಡುವುದಾಗಲಿ, ಹಿಂದೆ ಓಡುವುದಾಗಲಿ ಸರ್ವಥಾ ಕೂಡದು. ಕಳ್ಳನ ಬಳಿ ಚಾಕುವಿರಬಹುದು, ಅರುವತ್ತು ದಾಟಿದವರ ಸೊಂಟದ ಮೂಳೆಯು ಮುರಿದರೆ ಬೇಗನೆ ಕೂಡುವುದಿಲ್ಲ. ಅಪಾಯದ ಸಮಯಕ್ಕೆ ೯೯೯ ಎಂಬ ಸಂಖ್ಯೆ. ೧೯೩೭ರಲ್ಲಿ ಲಂಡನ್ನಿನಲ್ಲಿಯೇ ಇದು ಮೊದಲಾಯಿತು. ಅಪಾಯ ಕಳೆದ ಮೇಲೆ ದೂರು ಕೊಡಲು ೧೦೧. ರೈಲಿನಲ್ಲಿ ನಡೆದುದಕ್ಕೆ ರೈಲ್ವೆಯ ಪೋಲೀಸರಿಗೆ ೬೧೦೧೬ಕ್ಕೆ ಬರೆದು ಕಳುಹಿಸಬಹುದು. ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ವಿಮೆಯ ಹಣಕ್ಕೆ ಅದು ಬೇಕಾಗುವುದು. ಅನಂತರ ತಡಮಾಡದೆ ಸಿಮ್ಮನ್ನೂ ಬ್ಯಾಂಕಿನ ಕಾರ್ಡುಗಳನ್ನೂ ನಿಲ್ಲಿಸತಕ್ಕದ್ದು. ಪಾಸ್‌ಪೋರ್ಟು ಹೋಗಿದ್ದರೆ ಆಲ್ಡ್‌ವಿಚ್‌ನಲ್ಲಿರುವ ‘ಇಂಡಿಯಾ ಹೌಸ್’ ಭವನದ ನಮ್ಮ ಹೈಕಮಿಷನ್ನಿಗೆ ತಿಳಿಸಬೇಕು. ಊರಿಗೆ ಮರಳುವುದು ತುರ್ತಾದರೆ ಅದಕ್ಕೆ ಸಾಕಾಗುವ ಪತ್ರವನ್ನು ಅವರು ಕೊಡುವರು.

ಎಲ್ಲಕ್ಕೂ ಮೊದಲು ಮಕ್ಕಳಿಗೆ ತಿಳಿಸಬೇಕು. ವಿಚಿತ್ರವೆಂದರೆ, ಹಲವು ಹಿರಿಯರು ಇದನ್ನೇ ಮಾಡುವುದಿಲ್ಲ. ಬಾಣಂತಿಯ ಮನಸ್ಸಿಗೆ ನೋವಾದೀತೆಂದೋ, ಅಳಿಯನ ಮುಂದೆ ಹಗುರವಾದೇವೆಂದೋ, ಫೋನು ಕೆಟ್ಟುಹೋಗಿದೆಯೆಂದು ಎರಡು ದಿನ ಸುಳ್ಳು ಹೇಳುವರು. ಕಳ್ಳನಿಗೆ ಆ ಎರಡು ದಿನವೇ ಬೇಕಾದದ್ದು. ಅಳಿಯಂದಿರಿಗೂ ಹೆಣ್ಣುಮಕ್ಕಳಿಗೂ ನಮ್ಮ ವಿಜ್ಞಾಪನೆಯಿಷ್ಟೆ: ‘ಮೊದಲೇ ಹೇಳಿರಲಿಲ್ಲವೆ?’ ಎಂಬ ಮಾತು ಅಂದು ಬಾಯಿಗೆ ಬರದಿರಲಿ. ಆ ಮಾತನ್ನು ಕೇಳಿದ ತಂದೆಯು ಮರುದಿನದಿಂದ ವಾಕಿಂಗಿಗೆ ಹೊರಡುವುದಿಲ್ಲ; ಕಿಟಕಿಯ ಬಳಿ ಕುಳಿತು ಮರಳುವ ದಿನವನ್ನು ಎಣಿಸತೊಡಗುವನು. ಸಿಮ್ಮು ಕಾರ್ಡುಗಳ ಕೆಲಸ ಮುಗಿದ ಮಾರನೆಯ ಬೆಳಿಗ್ಗೆ ಮಗಳಾಗಲಿ ಅಳಿಯನಾಗಲಿ ಅವರ ಜೊತೆಯಲ್ಲಿ ಅದೇ ಬೀದಿಯಲ್ಲಿ ಒಂದು ಸುತ್ತು ನಡೆದುಬರಲಿ. ತಳ್ಳುಗಾಡಿಯಲ್ಲಿ ಮಗುವೂ ಇರಲಿ.