ನ್ಯಾಯ ಹೊಸ್ತಿಲಲ್ಲೇ ನಿಲ್ಲಬೇಕೆ?

ತಾನು ಬಡವನೋ ಶ್ರೀಮಂತನೋ, ಯಾವ ಸ್ಥಾನಮಾನದವನೋ ತಿಳಿಯದವರು ಸೇರಿ ಒಪ್ಪುವ ನಿಯಮಗಳೇ ನ್ಯಾಯದ ನಿಯಮಗಳು ಎಂದು ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ವಾದಿಸಿದರು. ಆದರೆ ಹಾಗೆ ಸೇರಿದವರನ್ನು ಅವರು ಕುಟುಂಬದ ಮುಖ್ಯಸ್ಥರೆಂದು ಭಾವಿಸಿಕೊಂಡಿದ್ದರು. ಕುಟುಂಬದ ಒಳಗೆ ದುಡ್ಡು, ದುಡಿಮೆ, ಬಿಡುವು ಹೇಗೆ ಹಂಚಿಕೆಯಾಗುತ್ತವೆ ಎಂಬ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ಆ ಪ್ರಶ್ನೆಯನ್ನು ಪಟ್ಟು ಹಿಡಿದು ಕೇಳಿದವರು ಸೂಸನ್ ಮೊಲ್ಲರ್ ಓಕಿನ್. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ 1946ರಲ್ಲಿ ಹುಟ್ಟಿದ ಅವರು ಅಮೆರಿಕದ ಬ್ರಾಂಡೈಸ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳಲ್ಲಿ ರಾಜಕೀಯ ಸಿದ್ಧಾಂತ ಕಲಿಸಿದರು. 1979ರ ಮೊದಲ ಪುಸ್ತಕದಲ್ಲಿ ಅವರು ಪ್ಲೇಟೊನನ್ನು ಓದಿದ ರೀತಿ ನೋಡಬೇಕು. ‘ರಿಪಬ್ಲಿಕ್’ನ ಆಳುವ ವರ್ಗಕ್ಕೆ ಸ್ವಂತ ಆಸ್ತಿಯಿಲ್ಲ, ಕುಟುಂಬವಿಲ್ಲ; ಅಲ್ಲಿ ಹೆಣ್ಣೂ ಆಳಬಲ್ಲಳು. ಪ್ಲೇಟೊನದೇ ಇನ್ನೊಂದು ಕೃತಿ ‘ಲಾಸ್’ನಲ್ಲಿ ಆಸ್ತಿಯೂ ಕುಟುಂಬವೂ ಮರಳುತ್ತವೆ, ಹೆಣ್ಣು ಮತ್ತೆ ಹೆಂಡತಿಯಾಗುತ್ತಾಳೆ. ಈ ನಡುವೆ ಹೆಣ್ಣಿನ ಸ್ವಭಾವವೇನೂ ಬದಲಾಗಿರಲಿಲ್ಲ, ಮನೆಯ ವ್ಯವಸ್ಥೆ ಬದಲಾಗಿತ್ತು.

1989ರ ‘ಜಸ್ಟಿಸ್, ಜೆಂಡರ್ ಅಂಡ್ ದ ಫ್ಯಾಮಿಲಿ’ ಇದೇ ಎಳೆಯನ್ನು ಇಂದಿನ ಮನೆಗೆ ತರುತ್ತದೆ. ಮುಂದೆ ಮಕ್ಕಳನ್ನು ನೋಡಿಕೊಳ್ಳಬೇಕಾದವಳು ತಾನೇ ಎಂದು ಮೊದಲೇ ಎಣಿಸುವ ಹುಡುಗಿ ಅದಕ್ಕೆ ಹೊಂದುವ, ಕಡಿಮೆ ಸಂಬಳದ ಕೆಲಸ ಆರಿಸಿಕೊಳ್ಳುತ್ತಾಳೆ. ಮಗು ಹುಟ್ಟಿದಾಗ ಕಡಿಮೆ ಸಂಬಳದವರು ಕೆಲಸ ಬಿಡುವುದೇ ಲಾಭವೆಂದು ಲೆಕ್ಕ ಹೇಳುತ್ತದೆ. ದುಡಿಮೆ ನಿಂತ ಮೇಲೆ ಮನೆಯಲ್ಲಿ ಅವಳ ಮಾತಿನ ತೂಕ ಇಳಿಯುತ್ತದೆ. ವಿಚ್ಛೇದನವಾದರೆ ಬಡತನ ಬರುವುದೂ ಅವಳ ಪಾಲಿಗೇ. ಒಂದೊಂದು ಹೆಜ್ಜೆಯೂ ಸ್ವಂತ ಆಯ್ಕೆಯಂತೆ ಕಾಣುವುದರಿಂದಲೇ ಇದನ್ನು ಅನ್ಯಾಯವೆಂದು ಗುರುತಿಸುವುದು ಕಷ್ಟ. ಓಕಿನ್ ಸೂಚಿಸಿದ ಪರಿಹಾರಗಳಲ್ಲೊಂದು ತೀರ ನೇರವಾದದ್ದು: ಮನೆಗೆಲಸವನ್ನೆಲ್ಲ ಒಬ್ಬರೇ ಹೊತ್ತಿದ್ದರೆ, ಹೊರಗೆ ದುಡಿಯುವವರ ಸಂಬಳವನ್ನು ಕೆಲಸ ಕೊಟ್ಟವರೇ ಸಮನಾಗಿ ಇಬ್ಬರ ಹೆಸರಿಗೆ ಎರಡು ಚೆಕ್ ಮಾಡಿ ಕೊಡಬೇಕು. ಇದು ದಾನವಲ್ಲ, ಮನೆಯ ಆದಾಯದಲ್ಲಿ ಅವಳಿಗಿರುವ ಹಕ್ಕು.

ಪ್ರೀತಿಯಿರುವಲ್ಲಿ ನ್ಯಾಯದ ಲೆಕ್ಕ ಏಕೆ ಎಂಬ ಆಕ್ಷೇಪಣೆ ಹಗುರವಾದದ್ದಲ್ಲ. ರಾಲ್ಸ್‌ರನ್ನು ಟೀಕಿಸಿದ ತತ್ತ್ವಜ್ಞಾನಿ ಮೈಕೆಲ್ ಸ್ಯಾಂಡೆಲ್ 1982ರಲ್ಲಿ ಹೆಚ್ಚುಕಡಿಮೆ ಅದನ್ನೇ ಎತ್ತಿದ್ದರು. ಆದರೆ ಪ್ರೀತಿ ಇದ್ದ ಮಾತ್ರಕ್ಕೆ ದುಡಿಮೆ ಸಮನಾಗುವುದಿಲ್ಲ. ಭಾರತದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದರಲ್ಲಿ ಕಳೆಯುವುದು ಸರಾಸರಿ 299 ನಿಮಿಷ, ಆ ಕೆಲಸ ಮಾಡುವ ಗಂಡಸರು 97 ನಿಮಿಷ. ಈ ಮನೆಗಳಲ್ಲೂ ಪ್ರೀತಿ ಇದ್ದೇ ಇದೆ. ಸರ್ಕಾರ ಅಡುಗೆಮನೆಗೆ ಕಾಲಿಡಬಾರದೆಂಬ ಇನ್ನೊಂದು ಭಯಕ್ಕೂ ಓಕಿನ್ ಬಳಿ ಉತ್ತರವಿದೆ: ಮದುವೆ, ವಿಚ್ಛೇದನ, ಜೀವನಾಂಶ, ಉತ್ತರಾಧಿಕಾರ ಎಲ್ಲವನ್ನೂ ಕಾನೂನೇ ನಿರ್ಧರಿಸುವಾಗ ಮನೆ ಎಂದೂ ಸರ್ಕಾರದಿಂದ ಹೊರಗಿರಲಿಲ್ಲ. ಅವರ ವಿಶ್ಲೇಷಣೆ ಅಮೆರಿಕದ ಮಧ್ಯಮ ವರ್ಗದ ಮದುವೆಯನ್ನೇ ಹೆಚ್ಚಾಗಿ ನೆಚ್ಚಿದೆ ಎಂಬ ಟೀಕೆಯನ್ನು ಮಾತ್ರ ನಾನು ಒಪ್ಪುತ್ತೇನೆ. ಮನೆಯ ಹೊರಗೂ ಕೂಲಿಗೆ ಹೋಗಿ ಒಳಗೂ ದುಡಿಯುವವಳ ಕಷ್ಟ ಎರಡು ಚೆಕ್‌ಗಳಲ್ಲಿ ಮುಗಿಯುವುದಿಲ್ಲ. ಹಾಗೆಂದು ಪ್ರಶ್ನೆ ಸುಳ್ಳಾಗುವುದೂ ಇಲ್ಲ.

ಓಕಿನ್ 2004ರಲ್ಲಿ ತೀರಿಕೊಂಡರು. ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರಲ್ಲಿ ಒಂದು ಮನವಿ: ಅವರನ್ನು ಮಹಿಳಾ ಅಧ್ಯಯನದ ಘಟಕಕ್ಕೆಂದು ಎತ್ತಿಡದೆ, ರಾಲ್ಸ್ ಪಾಠ ಮಾಡುವ ವಾರದಲ್ಲೇ ಜೊತೆಗಿಟ್ಟು ಓದಿಸಿ.